ಉಪ್ಪು ಇಳಿಸಿದ ಕಾಕೂ

ಮುಂಬೈಯ ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆಯವರು ಧಾರವಾಡದ ಕಾಕೂ. ನಮ್ಮೊಡನೆ ಮಾತಾಡುವಾಗಲೂ ಅವರ ಕಣ್ಣು ಮೀನಿನ ತೊಟ್ಟಿಯ ಮೇಲೇ. ಏನು ಕೇಳಿದರೂ ಮೊದಲ ಉತ್ತರ ಒಂದೇ: "ತಡಿ, ನೋಡೂಣು."

ಒಮ್ಮೆ ಅವರ ಕಿತ್ತಳೆ ಬಣ್ಣದ ಸಮುದ್ರದ ಮೀನಿಗೆ ಹುಳ ಹತ್ತಿ, ಮೈತುಂಬ ಬಿಳಿ ಚುಕ್ಕೆಗಳೆದ್ದವು. ಅದು ತಿನ್ನುವುದನ್ನೇ ಬಿಟ್ಟಿತು. ಹುಳ ಸಾಯಲು ನೀರಿನ ಉಪ್ಪು ಇಳಿಸಬೇಕಿತ್ತು; ಅದು ತೊಟ್ಟಿಯ ಸೀಗಡಿಗಳಿಗೆ ಆಗದೆಂದು ಕಾಕೂ ಮೀನನ್ನಷ್ಟೇ ಬೇರೆ ಟಬ್ಬಿಗೆ ಹಾಕಿ, ದಿನವೂ ಸ್ವಲ್ಪ ಸ್ವಲ್ಪ ಸಿಹಿನೀರು ಬೆರೆಸತೊಡಗಿದರು.

"ಸಮುದ್ರದ ಮೀನು, ಸಾಯೂದಿಲ್ಲೇನು ಕಾಕೂ?" ಎಂದೆ.

"ತಡಿ, ನೋಡೂಣು. ಇದು ತಡಕೋತದ, ಹುಳಕ್ಕ ಆಗೂದಿಲ್ಲ. ಆದ್ರ ಭಾಳ ಇಳಿಸಿದ್ರ ಇದೂ ಹೋಗ್ತದ," ಎನ್ನುತ್ತ, ಉಪ್ಪಿನಂಶ ತೋರಿಸುವ ಪುಟ್ಟ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

ಅಂದಿನಿಂದ ಸಂಜೆ ಲೋಕಲ್ ಇಳಿದವಳೇ ನಾನು ಮೊದಲು ಅವರ ಮನೆಗೆ ಓಡುತ್ತಿದ್ದೆ. ಚುಕ್ಕೆಗಳು ಕಡಿಮೆಯಾಗುತ್ತಿದ್ದವು, ಆದರೆ ಮೀನು ಮಾತ್ರ ಬಾಯಿ ತೆರೆಯಲೊಲ್ಲದು.

ಒಂದು ಭಾನುವಾರ ಬೆಳಿಗ್ಗೆ ಕಾಕೂ ನಮ್ಮ ಬಾಗಿಲು ದಬದಬ ಬಡಿದರು. "ಲಗೂನ ಬಾರೇ!"

ಓಡಿದೆ. ಮೀನಿನ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಕಾಕೂ ಚಿಟಿಕೆ ಆಹಾರ ಉದುರಿಸಿದರು. ಇಬ್ಬರೂ ಉಸಿರು ಬಿಗಿಹಿಡಿದೆವು. ಮೀನು ಸರ್ರನೆ ಮೇಲೆ ಬಂದು ಗಬಕ್ಕನೆ ನುಂಗಿತು!

"ತಿಂತು! ತಿಂತು!" ಕಾಕೂನ ಕೂಗಿಗೆ, ಗಡ್ಡ ಬೋಳಿಸುತ್ತಿದ್ದ ಅವರ ಯಜಮಾನರು ಮುಖದ ತುಂಬ ನೊರೆಯೊಂದಿಗೇ ಹೊರಗೆ ಓಡಿಬಂದರು. ಕಾಕೂ ಅವರ ತಲೆ ಹಿಡಿದು ಟಬ್ಬಿನತ್ತ ಬಗ್ಗಿಸಿ, "ನೋಡ್ರಿ, ಮತ್ತ ತಿನ್ನಾಕತ್ತದ!" ಎಂದರು. ಇನ್ನೊಂದು ಕೈಯಲ್ಲಿ, ಒಂದು ಹನಿ ನೊರೆಯೂ ನೀರಿಗೆ ಬೀಳದಂತೆ, ಯಜಮಾನರ ಗದ್ದದ ಕೆಳಗೆ ತಮ್ಮ ಸೆರಗನ್ನು ಒಡ್ಡಿ ಹಿಡಿದಿದ್ದರು.