ಬ್ಯಾನರಿನಲ್ಲಿ ಉಳಿದ ಕುಂಕುಮ

"ಅಕ್ಕಾರ, ನೀವ್ ಒಂಚೂರು ಹಿಂದಕ್ಕ ಸರಿರಿ. ಸ್ವಿಚ್ ಮುತ್ತೈದಿ ಒತ್ತಬೇಕಂತ್ರಿ" ಎಂದು ಸೂಪರ್‌ವೈಸರ್ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು.

ಶಹಾಪುರದ ಹೊರಗಿರುವ ನಮ್ಮ ಸೋಲಾರ್ ಘಟಕದಲ್ಲಿ ಅಂದು ಹೊಸ ಪ್ಯಾನೆಲ್‌ಗಳಿಗೆ ಪೂಜೆ. ಅವುಗಳ ವೈರಿಂಗ್ ಮಾಡಿದವಳು ನಾನು. ಮಹಿಳಾ ಟೆಕ್ನಿಷಿಯನ್ನೇ ಚಾಲನೆ ಕೊಡಬೇಕೆಂದು ಮೇಲಿನಿಂದ ಸೂಚನೆ ಬಂದಿದ್ದರಿಂದ ನಾನೂ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋಗಿದ್ದೆ. ಹೋದ ಶ್ರಾವಣದಲ್ಲಿ ನನ್ನ ಗಂಡ ತೀರಿಕೊಂಡದ್ದು ಎಲ್ಲರಿಗೂ ಆಗಲೇ ನೆನಪಾಯಿತು.

ಪ್ಯಾನೆಲ್ ತೊಳೆಯುವ ಶಮೀಮ್ ಸುಮ್ಮನಿರಲಿಲ್ಲ. "ಕರೆಂಟಿಗೂ ಮುತ್ತೈದಿ ಬೇಕೇನ್ರಿ ಸಾಹೇಬ್ರ? ವೈರ್ ಜೋಡಸಾಕ ಹಚ್ಚಿದಾಗ ಯಾರೂ ಕೇಳಲಿಲ್ಲಲ್ರಿ."

"ನಂಗೇನ್ ಗೊತ್ತಬೇ, ಪೂಜಾರಪ್ಪ ಹೇಳ್ಯಾನ" ಎಂದು ಅವರು ಊದಿನಕಡ್ಡಿ ಹುಡುಕಲು ಹೋದರು.

ಕೊನೆಗೆ ಮುಖ್ಯ ಅತಿಥಿಗಳ ಹೆಂಡತಿ ಕಾರಿನಿಂದ ಇಳಿದು ಬಂದು, ಒತ್ತುವುದು ಯಾವುದನ್ನು ಎಂದು ಕೇಳಿ, ಒತ್ತಿದರು. ಹಸಿರು ವಿದ್ಯುತ್ ಕೆಲಸದಲ್ಲಿ ಮಹಿಳೆಯರೇ ಮುಂದೆ ನಿಲ್ಲಬೇಕೆಂದು ಭಾಷಣವಾಯಿತು. ಉಪ್ಪಿಟ್ಟಿನ ಪಾತ್ರೆಗಳ ಹಿಂದೆ ನಿಂತು ನಾನೂ ಚಪ್ಪಾಳೆ ತಟ್ಟಿದೆ.

ವೇದಿಕೆಯ ಬ್ಯಾನರಿನಲ್ಲಿ ಮಾತ್ರ ಇದ್ದವಳು ನಾನೇ. ಹೆಲ್ಮೆಟ್ಟಿನ ಕೆಳಗೆ ದುಂಡನೆಯ ಕುಂಕುಮ, ಮುಖದ ತುಂಬ ನಗು. ತರಬೇತಿ ಮುಗಿದ ದಿನ ಆ ಫೋಟೋ ತೆಗೆದವರು ನಮ್ಮ ಮನೆಯವರು.

ಬ್ಯಾನರನ್ನು ಈಗ ಗೇಟಿಗೆ ಕಟ್ಟಿದ್ದಾರೆ. ದಿನಾ ಕೆಲಸಕ್ಕೆ ಹೋಗುವಾಗ ಅವಳ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅವಳು ಇನ್ನೂ ಫೋಟೋ ತೆಗೆಯುತ್ತಿರುವ ನಮ್ಮ ಮನೆಯವರನ್ನು ನೋಡಿ ನಗುತ್ತಿದ್ದಾಳೆ.