ಅಣ್ಣ ನೋಡದೆ ತೆಗೆದುಕೊಂಡ ಬಟ್ಟೆ

ಅಡ್ಯಾರಿನಲ್ಲಿ ಕಾರುಗಳ ಬಣ್ಣ ಕಾಯುವ ಸೀಲೆಂಟ್ ಹಚ್ಚುತ್ತಿದ್ದ ನನ್ನ ಅಣ್ಣನಿಗೆ ಎಲ್ಲರ ಮೇಲೂ ಅನುಮಾನ. ಬಾನೆಟ್ ತಣ್ಣಗಿದೆ ಎಂದು ಕೈಕೆಳಗೆ ದುಡಿಯುವ ತಮಿಳು ಜೊತೆಗಾರ ಹೇಳಿದರೂ ತಾನೇ ಮುಟ್ಟಿ ನೋಡಬೇಕು. ತೆಳ್ಳಗೆ ಹಚ್ಚಿ, ಅದು ಒಣಗಿ ಮಬ್ಬಾದ ಮೇಲೆ ಒರೆಸುವ ಬಟ್ಟೆಯನ್ನು ಬೆಳಕಿಗೆ ಹಿಡಿದು, "ಇದನ್ನ ಯಾರು ಮುಟ್ಟಿದ್ದು?" ಎನ್ನುತ್ತಿದ್ದ. ನಾನು ಒಗೆದು ಮಡಿಸಿಕೊಟ್ಟದ್ದನ್ನು ಮಾತ್ರ ನೋಡದೆ ತೆಗೆದುಕೊಳ್ಳುತ್ತಿದ್ದ.

ಒಂದು ದಿನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲೇ ಬಟ್ಟೆ ಮಡಿಸಿ ಕಳಿಸಿದ್ದೆ. ಮಧ್ಯಾಹ್ನ ಊಟ ಒಯ್ದಾಗ ಒರೆಸಿ ಮುಗಿದ ಕರಿ ಕಾರನ್ನು ಬಿಸಿಲಿಗೆ ತಂದಿದ್ದರು, ಬಾನೆಟ್ ತುಂಬ ಜಿಡ್ಡಿನ ಗೆರೆಗಳು.

"ಸೀಲೆಂಟ್ ಬಾಟ್ಲಿಗೆ ಏನೋ ಕಲಸಿದೀಯ, ಹೇಳು," ಎಂದು ಅಣ್ಣ ಜೊತೆಗಾರನನ್ನು ಹಿಡಿದುಕೊಂಡಿದ್ದ.

"ಸತ್ಯಮಾ ಇಲ್ಲೆ, ಅಣ್ಣೇ, ಆಣೆಗೂ ಇಲ್ಲ. ನಿಮ್ಗೆ ನಿಮ್ಮ ನೆರಳ ಮೇಲೂ ಡೌಟು."

"ನಾಳೆಯಿಂದ ಬರಬೇಡ."

ಬಿದ್ದಿದ್ದ ಬಟ್ಟೆಯನ್ನು ಎತ್ತಿ ಮೂಸಿದೆ. ನನ್ನದೇ ತಲೆಯ ವಾಸನೆ. ಅದನ್ನು ಮುದುರಿ ಬೆನ್ನ ಹಿಂದೆ ಹಿಡಿದೆ. ಜೊತೆಗಾರ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ. ಮತ್ತೆ ಬರಲೇ ಇಲ್ಲ.

"ಇನ್ಮೇಲೆ ಬಟ್ಟೆಯೆಲ್ಲ ನಿನ್ನ ಹತ್ರಾನೇ ಇರ್ಲಿ ಕಣೇ, ಬೇರೆ ಯಾರನ್ನೂ ನಂಬೋಕಾಗಲ್ಲ," ಎಂದ ಅಣ್ಣ, ಅವನು ಹೋದ ದಾರಿಯನ್ನೇ ನೋಡುತ್ತ.

ನಾನು ಆ ಬಟ್ಟೆಯನ್ನು ಊಟದ ಚೀಲದ ತಳಕ್ಕೆ ತುರುಕಿದೆ.