ಮೆಂತೆಪಲ್ಲೆ ಸುತ್ತಿದ ಅಂಗಿ

ಮೊನ್ನೆ ಬಾಗಲಕೋಟೆಯ ದೊಡ್ಡ ಅಂಗಡಿಯೊಂದರಿಂದ ಒಂದು ಡಬ್ಬಿ ಮೆಂತೆಪಲ್ಲೆ ತಂದೆ. ತೆಳ್ಳನೆಯ ಪ್ಲಾಸ್ಟಿಕ್ಕು, ಉಸಿರಾಡಲು ಅದಕ್ಕೆ ಸಣ್ಣ ಸಣ್ಣ ತೂತು, ಮೇಲೆ ‘ಏಳು ದಿನ ತಾಜಾ’ ಎಂಬ ಭರವಸೆ. ನನ್ನ ಬಗ್ಗೆ ಇಷ್ಟು ಭರವಸೆ ಯಾರೂ ಕೊಟ್ಟದ್ದಿಲ್ಲ. ಡಬ್ಬಿ ತೆರೆದಾಗ ಬಂದ ಸೊಪ್ಪಿನ ಆ ಕಹಿ ಹಸಿರು ವಾಸನೆಗೆ ನನ್ನ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಯಾಕೆಂದು ಹೇಳುತ್ತೇನೆ, ನಗಬಾರದು.

ಕಮತಗಿಯ ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ, ಅವ್ವ ಇದ್ದಳು. ಸಂತೆಯ ಸೊಪ್ಪನ್ನು ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರಿನ ಕೊಡಗಳ ಸಂದಿಯಲ್ಲಿಟ್ಟರೆ ನಾಲ್ಕು ದಿನ ಬಾಡುತ್ತಿರಲಿಲ್ಲ. ಬಟ್ಟೆ ಮಾತ್ರ ಒಗೆದೊಗೆದು ಮೆತ್ತಗಾದ ಹತ್ತಿಯದೇ ಆಗಬೇಕು. “ಹೊಸಾದಕ್ಕ ಗಂಜಿ ಇರ್ತೈತಿ, ನೀರು ಹಿಡಿಯಂಗಿಲ್ಲ” ಎನ್ನುವುದು ಅವಳ ಶಾಸ್ತ್ರ. ಬಟ್ಟೆ ಹುಡುಕುವಾಗ ಅವಳಿಗೆ ಮನೆಯವರು, ಹೊರಗಿನವರು ಎಂಬ ಭೇದವಿರಲಿಲ್ಲ. ಬಂದ ನೆಂಟರು ಟವೆಲ್ಲನ್ನು ತಲೆಯಡಿ ಇಟ್ಟುಕೊಂಡು ಮಲಗುತ್ತಿದ್ದರು.

ಇಳಕಲ್ಲಿಗೆ ಕನ್ಯೆ ನೋಡಲು ಹೊರಡುವ ಬೆಳಿಗ್ಗೆ ನನ್ನ ಬಿಳಿ ಅಂಗಿ ಕಾಣಲಿಲ್ಲ. ಇದ್ದದ್ದೇ ಅದೊಂದು ಒಳ್ಳೆಯ ಅಂಗಿ. ಅದಾಗಲೇ ಎರಡು ಮನೆಯವರು ನನ್ನನ್ನು ಬೇಡವೆಂದಿದ್ದರು. ಈ ಸಲವಾದರೂ ಒಪ್ಪಿಗೆಯಾಗಬೇಕೆಂದು ಒಳಗೊಳಗೇ ಹೆದರಿದ್ದೆ. ಕೊನೆಗೆ ಅಂಗಿ ಸಿಕ್ಕಿದ್ದು ಕೊಡಗಳ ಸಂದಿಯಲ್ಲಿ. ಅವ್ವ ಗಂಟು ಬಿಚ್ಚಿ ಹಿಗ್ಗಿದಳು.

“ನೋಡು, ಈಗ ಹೊಲದಾಗಿಂದ ಕಿತ್ತಂಗ ಐತಿ.”

“ಪಲ್ಲೆ ಇರ್ಲಿ ಯವ್ವಾ, ನನ್ನ ಅಂಗಿ?”

“ಅದೂ ತಂಪ ಐತಿ, ಹಾಕ್ಕೋ.”

ನನ್ನ ಒಳ್ಳೆಯ ಅಂಗಿಯೇ ಮನೆಯ ಅತಿ ಹಳೆಯ ಬಟ್ಟೆ ಎಂದು ಅವತ್ತು ತಿಳಿಯಿತು. ಬಸ್ಸಿನ ಕಿಟಕಿಯ ಗಾಳಿಗೆ ಅದು ಮೈಮೇಲೆಯೇ ಒಣಗಿತು, ಎದೆಯ ಮೇಲಿನ ಹಸಿರು ಕಲೆ ಮಾತ್ರ ಉಳಿಯಿತು. ಹುಡುಗಿಯ ಮನೆಯಲ್ಲಿ ಕಲೆಯ ಮೇಲೆ ಕೈಯಿಟ್ಟೇ ಕುಳಿತೆ. ಅವಳ ಅಪ್ಪ ಮೂರು ಸಲ “ಎದಿ ನೋವೇನ್ರಿ?” ಎಂದು ಕೇಳಿದರು. ಚಹಾ ಕೊಡಲು ಬಂದ ಹುಡುಗಿ ಮೂಗರಳಿಸಿದಳು. ಮುಗಿಯಿತು ಅಂದುಕೊಂಡೆ. ಆದರೆ ಮರುದಿನ ಒಪ್ಪಿಗೆ ಬಂತು. ನನ್ನ ಗಾಂಭೀರ್ಯ ನೋಡಿಯೇ ಒಪ್ಪಿದಳೆಂದು ಇಷ್ಟು ವರ್ಷ ನಂಬಿಕೊಂಡು ಬಾಳಿದೆ.

ಮೊನ್ನೆ ಡಬ್ಬಿ ಹಿಡಿದುಕೊಂಡೇ ಹೆಂಡತಿಯನ್ನು ಕೇಳಿದೆ. “ಅವತ್ತು ನನ್ನೊಳಗ ಏನ ನೋಡಿ ಹೂಂ ಅಂದಿ?”

“ಮೈತುಂಬ ಮೆಂತೆಪಲ್ಲೆ ವಾಸನಿ ಬರ್ತಿತ್ರಿ. ಸಂತಿ ಮಾಡಿ, ಪಲ್ಲೆ ಸೋಸಿ ಕೊಟ್ಟು ಬಂದಾರ, ಮನಿ ಕೆಲಸ ಮಾಡೋ ಗಂಡಸು ಅಂದ್ಕೊಂಡೆ.” ಡಬ್ಬಿಯನ್ನೊಮ್ಮೆ ನೋಡಿದಳು. “ಭಾಳ ಮೋಸ ಹೋದೆ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ನೆಲದ ಮೇಲೆ ಕುಳಿತು, ಮದುವೆಯಾದ ಮೇಲೆ ಮೊದಲ ಸಲ, ಕಡ್ಡಿಯಿಂದ ಎಲೆ ಬಿಡಿಸಿ ಪಲ್ಲೆ ಸೋಸಿದೆ. ಸುತ್ತಿಡಲು ಹಳೆಯ ಬಟ್ಟೆಯೇನಾದರೂ ಇದೆಯೇ ಎಂದು ತಲೆಯೆತ್ತಿ ಕೇಳಿದರೆ, ಅವಳು ನಾನು ತೊಟ್ಟಿದ್ದ ಅಂಗಿಯನ್ನೇ ನೋಡುತ್ತಿದ್ದಳು.